ಮಾವನವರ ಕಣ್ಣು, ನಳದ ನೀರು

ಅವತ್ತು ಬೆಳಿಗ್ಗೆಯೂ ಎಲ್ಲ ದಿನದಂತೆ ಹಾಲು ಕಾಯಲು ಇಟ್ಟು, ಅಕ್ಕಿ ಡಬ್ಬಿಗೆ ಪಾವು ಇಳಿಸಿದೆ. ಟಕ್ ಎಂದಿತು. ಅಕ್ಕಿ ಸರಿಸಿ ನೋಡಿದರೆ ಒಳಗಿನಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿದೆ! ಕರಿಯ ಗುಂಡು ಕಣ್ಣು, ನಡುವೆ ನೇರಳೆ ಹೊಳಪು, ರೆಪ್ಪೆ ಮಾತ್ರ ಇಲ್ಲ. ನಾನು ಚೀರಲಿಲ್ಲ. ಮದುವೆಯಾದ ಹೊಸದರಲ್ಲಿ ಚೀರಿದ್ದೆ. ಈಗ ಅದನ್ನು ಸೆರಗಿನಿಂದ ಒರೆಸಿ, ಸಾಸಿವೆ ಡಬ್ಬಿಯ ಪಕ್ಕ ಕೂರಿಸಿ, ಅಕ್ಕಿ ತೊಳೆಯುತ್ತೇನೆ.

ಹೆದರಬೇಡಿ, ಅದು ನಮ್ಮ ಮಾವನವರ ಕ್ಯಾಮೆರಾದ ಹಳೇ ಲೆನ್ಸು. ತೇವವಿದ್ದರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದಂತೆ, ಅಕ್ಕಿ ತೇವ ಹೀರುತ್ತದಂತೆ. ಬಟ್ಟೆಯಲ್ಲಾದರೂ ಸುತ್ತಿಡಿ ಎಂದರೆ, “ಬ್ಯಾಡವ್ವಾ, ಅದಕ್ಕ ಉಸಿರು ಕಟ್ಟತೈತಿ” ಅನ್ನುತ್ತಾರೆ. ಮಾವನವರಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಲು ಅತ್ತೆ ಇದ್ದಾರೆ!

ಮಾವನವರು ಹರಿಯುವ ನೀರಿನ ಫೋಟೋ ತೆಗೆಯುತ್ತಾರೆ. ಕೆರೆ, ಜಲಪಾತ ಅಂದುಕೊಂಡಿರಾ? ಅವೆಲ್ಲ ಸಾಮಾನ್ಯರಿಗೆ. ಇವರಿಗೆ ಬೇಕಾದದ್ದು ನಮ್ಮ ಬಚ್ಚಲಿನ ನಳದಿಂದ ಬೀಳುವ ಧಾರೆ, ಬಕೆಟ್ಟು ತುಂಬಿ ಅಂಚು ದಾಟುವ ಅಲೆ. ಅದೂ ಮೂಗು ನೆನೆಯುವಷ್ಟು ಹತ್ತಿರದಿಂದ! ಈ ಹಳೇ ಲೆನ್ಸುಗಳು ತಾವಾಗಿ ಏನನ್ನೂ ಸ್ಪಷ್ಟ ಮಾಡಿಕೊಳ್ಳುವುದಿಲ್ಲ. ಕಣ್ಣಿಟ್ಟು, ಉಸಿರು ಹಿಡಿದು, ಲೆನ್ಸಿನ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಇಲ್ಲೇ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮಾವನವರ ಕೆಲಸವೇ ಸಾಸಿವೆಕಾಳಿನಷ್ಟು ಬೆಸುಗೆಯಲ್ಲಿ ಬಿರುಕು ಹುಡುಕುವುದಾಗಿತ್ತು. ಆ ಕಣ್ಣಿನ ಮೇಲೆ ಅವರಿಗೆ ಎಷ್ಟು ಜಂಬ ಅಂತೀರಿ! “ಈ ಕಣ್ಣು ಸುಳ್ಳು ಹೇಳಿದ ದಿನಾ ಕ್ಯಾಮೆರಾ ಯಾರಿಗರ ಕೊಟ್ಟುಬಿಡ್ತೀನಿ. ಆಮ್ಯಾಲ ಮುಂಜಾನೆ ಎದ್ದು ನಾ ಮಾಡೂದರ ಏನೈತಿ?” ಅನ್ನುತ್ತಿದ್ದರು.

ನಮ್ಮಲ್ಲಿ ನಳದ ನೀರು ದಿನ ಬಿಟ್ಟು ದಿನ ಬರುತ್ತದೆ. ಇಡೀ ಅಪಾರ್ಟ್‌ಮೆಂಟು ಡ್ರಮ್ಮು ತುಂಬಿಸುವಾಗ ಇವರು ನಳದ ಮುಂದೆ ಅಂಗಾತ ಮಲಗಿರುತ್ತಾರೆ. ಮೊದಲ ಸಲ ನಾನು, ಕಾನ್ವೆಂಟಿನ ಅಭ್ಯಾಸ ನೋಡಿ, ಬಚ್ಚಲ ಬಾಗಿಲು ತಟ್ಟಿ “ಮೇ ಐ ಕಮಿನ್” ಎಂದುಬಿಟ್ಟಿದ್ದೆ! ಅತ್ತೆಗೆ ಇಂಥ ಸಂಕೋಚವಿಲ್ಲ.

“ಏನ್ರೀ, ಡ್ರಮ್ಮು ಅರ್ಧಾನೂ ತುಂಬಿಲ್ಲ. ನಳಾ ಪೂರಾ ತಿರುವ್ರಿ!”

“ತಡೀ ಮಾರಾಯ್ತಿ, ಧಾರಿ ದಪ್ಪಾದ್ರ ಒಳಗಿನ ಸುಳಿ ಕಾಣಂಗಿಲ್ಲ.”

“ಸುಳಿಯೊಳಗ ಜಳಕಾ ಮಾಡ್ರಿ ಹಂಗಾರ!”

ಇಲ್ಲಿಯವರೆಗೆ ನಗುವ ಕಥೆ. ಈ ವರ್ಷ ಬೇಸಿಗೆ ಶುರುವಾದ ಮೇಲೆ ಆ ನೀರಿನಲ್ಲಿ ಜನ ಕಾಣಿಸತೊಡಗಿದರು.

ಮಾವನವರು ನೀರು ಬಂದ ದಿನವೆಲ್ಲ ಒಂದು ಫೋಟೋವನ್ನು ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕುತ್ತಾರೆ. ಮೇಲಿನ ಮನೆಯ ಬೀದರಿನ ಆಂಟಿ ಒಂದು ದಿನ ಅದನ್ನು ದೊಡ್ಡದು ಮಾಡಿ ನೋಡಿದರು. “ಇಲ್ಲಿ ಯಾರೋ ನಿಂತಾರಲ್ರಿ!” ನೋಡಿದೆ. ನಿಂತಿದ್ದಳು. ಬಿಳಿ ಮುಸುಕು ಹೊದ್ದು, ತಲೆ ತಗ್ಗಿಸಿ. ಮುಂದಿನ ಸಲ ಬಾಯಿಯಿಲ್ಲದ ಮಗು. ಅದರ ಮುಂದಿನ ಸಲ ಬೆನ್ನು ತಿರುಗಿಸಿ ಕೂತ ಒಬ್ಬ ಮುದುಕಿ. ಮತ್ತೆರಡು ದಿನ ಬಿಟ್ಟು ಬಂದ ಫೋಟೋದಲ್ಲಿ ಅದೇ ಮುದುಕಿ, ಆದರೆ ಕುತ್ತಿಗೆ ಸ್ವಲ್ಪ ಈಚೆಗೆ ಹೊರಳಿದೆ! ವಾಚ್‌ಮನ್ ಸಂಪಿನ ಮುಚ್ಚಳವನ್ನು ಒಬ್ಬನೇ ಎತ್ತುವುದನ್ನು ಬಿಟ್ಟ. ಕೆಳಗಿನ ಮನೆಯವರು ಕ್ಯಾನ್ ನೀರು ತರಿಸತೊಡಗಿದರು. ಕೊನೆಗೆ ಎಲ್ಲ ಸೇರಿ ಸಂಪು ಖಾಲಿ ಮಾಡಿಸಿದಾಗ ತಳದಲ್ಲಿ ಸಿಕ್ಕಿದ್ದು ಒಂದು ಚಪ್ಪಲಿ, ಒಂದು ಸ್ಟೀಲಿನ ಚಮಚ. ಚಮಚ ನಮ್ಮದೇ!

ನಕ್ಕೆವು, ಸರಿ. ಆದರೂ ನಳ ತಿರುಗಿಸುವಾಗ ನಾನು ಮುಖ ಆಚೆ ಮಾಡುತ್ತಿದ್ದೆ. ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇರುವಾಗ ಬಚ್ಚಲಿನಲ್ಲಿ ಹನಿ ಬೀಳುವ ಸದ್ದು ಕೇಳಿದರೆ, ಯಾರೋ ನನ್ನ ಹೆಜ್ಜೆ ಎಣಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಮಾವನವರಿಗೆ ಮಾತ್ರ ಹೆದರಿಕೆಯೇ ಇಲ್ಲ. “ಮಂದಿಗೆ ಏನೇನೋ ಕಾಣತೈತಿ. ನೀರು ನೋಡವ್ವಾ, ಎಷ್ಟು ಶಾರ್ಪ್ ಬಂದೈತಿ!”

ಶಾರ್ಪ್? ಆ ಮಾತು ನನ್ನನ್ನು ಚುಚ್ಚಿತು. ಫೋಟೋವನ್ನು ಮತ್ತೆ ನೋಡಿದೆ. ಈ ಸಲ ಮುದುಕಿಯನ್ನು ಬಿಟ್ಟು ಉಳಿದದ್ದನ್ನು. ನಳದ ಹಿತ್ತಾಳೆ ಮೂತಿ ಮಸುಕು, ಬಕೆಟ್ಟಿನ ಅಂಚು ಮಸುಕು, ನೀರೂ ಮಸುಕು. ಆಮೇಲೆ ಒಂದೊಂದೇ ನೆನಪಾಯಿತು. ಮಾವನವರು ಉಪ್ಪನ್ನು ತಟ್ಟೆಯ ಹೊರಗೆ ಹಾಕಿಕೊಳ್ಳುವುದು, ಚಹಾ ಕಪ್ಪು-ಬಸಿಯ ಆಚೆ ಚೆಲ್ಲುವುದು, ನನ್ನ ಜೊತೆ ಮಾತಾಡುವಾಗ ಕಾಳು ನೋಡುವ ಕೋಳಿಯ ಹಾಗೆ ಕತ್ತು ಓರೆ ಮಾಡುವುದು. ದೆವ್ವ ನೀರಿನಲ್ಲಿ ಇರಲೇ ಇಲ್ಲ.

ಹಾಗಾಗಿ ಅವತ್ತು ಬೆಳಿಗ್ಗೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕ ಲೆನ್ಸನ್ನು ನಾನೇ ಬಚ್ಚಲಿಗೆ ಒಯ್ದೆ. ಬಾಗಿಲು ತಟ್ಟಿದೆ. ಮಾವನವರು ಸ್ಟೂಲಿನ ಮೇಲೆ ಕೂತು ಲೆನ್ಸು ಸಿಕ್ಕಿಸಿಕೊಂಡರು. ಪೈಪಿನೊಳಗೆ ಯಾರೋ ಗಂಟಲು ಸರಿಮಾಡಿಕೊಂಡಂತೆ ಗಾಳಿ ಗೊರಗುಟ್ಟಿತು, ನೀರು ಬಂತು. ಅವರು ಬಳೆ ತಿರುಗಿಸಿದರು. ದಾಟಿಸಿದರು. ಹಿಂದಕ್ಕೆ ತಂದರು. ಮತ್ತೆ ದಾಟಿಸಿದರು. ಧಾರೆ ಅವರ ಮೂಗಿನ ಮುಂದೆಯೇ ಬೀಳುತ್ತಿತ್ತು.

“ಯವ್ವಾ,” ಎಂದರು ಮೆಲ್ಲಗೆ, “ನೀರು ಎಲ್ಲೈತಿ?”

ಅವರ ಒಂದು ಕೈ ಹಿಡಿದು ಧಾರೆಗೆ ಮುಟ್ಟಿಸಿದೆ.

“ಬಲಗಣ್ಣು ಹೋಗೇತಿ. ತಿರುಗಿ ಬರಂಗಿಲ್ಲ ಅಂದ್ರು ಡಾಕ್ಟ್ರು. ಎಡಗಣ್ಣಿಗೆ ಹನಿ ಹಾಕಾಕತ್ತೀನಿ. ಇದ್ದಷ್ಟು ಉಳೀಬೇಕು. ನಿಮ್ಮತ್ತಿಗೆ ಹೇಳಬ್ಯಾಡ. ಬೈತಾಳ. ಬೈದ ಮ್ಯಾಲ ಅಳತಾಳ.” ಕ್ಯಾಮೆರಾವನ್ನು ಕೊರಳಿಂದ ತೆಗೆದು ನನ್ನ ಕಡೆ ಚಾಚಿದರು. “ತಗೋ. ಇದು ಇನ್ನ ನಿನ್ನದು.”

ನಾನು ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. “ನೀವ ಹಿಡೀರಿ ಮಾವಾರ. ಬಳಿ ನಾ ತಿರುವ್ತೀನಿ. ಅತ್ತಿಗೆ ಹೇಳೂದು ಮಾತ್ರ ನೀವ, ಇವತ್ತ. ಬೇಕಾದ್ರ ಮಗ್ಗಲಾಗ ನಾ ನಿಂದರತೀನಿ.”

ಆಮೇಲೆ ಕ್ಯಾಮೆರಾ ನನ್ನ ಕಣ್ಣಿನ ಎತ್ತರಕ್ಕೆ ಬಂತು. “ಸಾವಕಾಶ ತಿರುವು. ಉಸಿರು ಹಿಡಿ.” ಮಂಜಿನಲ್ಲಿ ಆ ಬಿಳಿ ಮುಸುಕಿನವಳು ಒಂದು ಕ್ಷಣ ನಿಂತಳು, ಬಳೆ ಇನ್ನೊಂದು ಎಳೆ ಹೊರಳಿದ್ದೇ ಕರಗಿಹೋದಳು. ಗಾಜಿನ ಹಗ್ಗದಂತೆ ಹೊಸೆದ ಧಾರೆ ಕಾಣಿಸಿತು. ಬಕೆಟ್ಟಿನ ಅಂಚಿಗೆ ತೂಗುತ್ತಿದ್ದ ಒಂದೊಂದು ಹನಿಯಲ್ಲೂ ಬನಿಯನ್ ತೊಟ್ಟ ಪುಟ್ಟ ಮನುಷ್ಯನೊಬ್ಬ ತಲೆಕೆಳಗಾಗಿ ಕೂತಿದ್ದ.

“ಏನ್ ಕಾಣತೈತಿ?”

“ನೀವು, ಮಾವಾರ. ಹನಿಹನಿಯೊಳಗ.”

“ಹೌದೇನು? ಹೆಂಗದೀನಿ?”

“ತಲಿಕೆಳಗ ಅದೀರಿ. ನಗಾಕತ್ತೀರಿ.”

“ಒತ್ತತೀನಿ ಹಂಗಾರ,” ಎಂದು ಗುಂಡಿ ಒತ್ತಿದರು.

ಮಧ್ಯಾಹ್ನ ಅತ್ತೆಯ ಕೋಣೆಯಿಂದ ಬೈಗುಳ ಕೇಳಿಸಿತು. ಆಮೇಲೆ ಮೂಗು ಸೀಟುವ ಸದ್ದು.

ಸಂಜೆ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ತಂತಿಯಲ್ಲಿ ಬೀದರಿನ ಆಂಟಿ. ಒಂದು ಕೈಯಲ್ಲಿ ಬಟ್ಟೆಯ ಕ್ಲಿಪ್ಪು, ಇನ್ನೊಂದರಲ್ಲಿ ಮೊಬೈಲು. ಗ್ರೂಪಿನ ಹೊಸ ಫೋಟೋ ನೋಡಿ ಮೂಗು ಮುರಿದರು.

“ಇವತ್ತ ಯಾರೂ ಇಲ್ಲಲ್ರಿ, ಬರೇ ನೀರು. ಇಂಥಾದ್ದು ಯಾರು ಬೇಕಾದ್ರೂ ತೆಗೀತಾರ, ಬಿಡ್ರಿ.”