ವಾಘ್ಯಾನ ಛಲೋ ಫೋಟೋ

ಗುರುವಾರ ಮುಂಜಾನೆ ಹುಕ್ಕೇರಿಯ ಹಾಸ್ಟೆಲಿನಿಂದ ಮಗಳು ಸಂಘಮಿತ್ರಾ ಕಳಿಸಿದ ಮೆಸೇಜು ಓದಿ ವಿಠ್ಠಲ ಚಹಾ ಕುಡಿಯುವುದನ್ನೇ ಮರೆತ.

"ಅಪ್ಪಾ, ನಾಳೆ ಗಣಿತ ಪೇಪರ್. ವಾಘ್ಯಾಂದೊಂದು ಛಲೋ ಫೋಟೋ ಕಳಸು, ನೋಡಿ ಹೋಗ್ತೀನಿ."

ವಾಘ್ಯಾ ಮಂಗಳವಾರವೇ ಸತ್ತಿತ್ತು. ಗೋಕಾಕ ಫಾಲ್ಸಿನ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕ ಅದನ್ನು ವಿಠ್ಠಲ ಟವೆಲಿನಲ್ಲಿ ಸುತ್ತಿ ನದಿಯ ದಂಡೆಯಲ್ಲಿ ಮಣ್ಣು ಮಾಡಿ ಬಂದಿದ್ದ. ಮಗಳು ಅರಳೆಯಲ್ಲಿ ಹಾಲು ಅದ್ದಿ ಕುಡಿಸಿ ಸಾಕಿದ ನಾಯಿ. ಪರೀಕ್ಷೆ ಮುಗಿಯುವ ತನಕ ಹೇಳಬಾರದೆಂದು ಇಡೀ ಓಣಿಗೆ ತಾಕೀತು ಮಾಡಿದ್ದ.

"ಸುಳ್ಳ ಹೇಳಬ್ಯಾಡ್ರಿ ಕೂಸಿಗೆ," ಎಂದಳು ಹೆಂಡತಿ ಯಶೋಧರಾ.

"ಒಂದ ದಿನದ ಸುಳ್ಳ. ಪೇಪರ್ ಆಗ್ಲಿ."

ಬಾಜೂ ಮನೆಯ ದುಂಡಪ್ಪನದೂ ವಾಘ್ಯಾನಂಥದೇ ಬಿಳಿ ನಾಯಿ; ಅದರ ಫೋಟೋ ಕಳಿಸುವುದೆಂದಾಯಿತು. ಆದರೆ ವಾಘ್ಯಾನ ಎಡಗಿವಿ ಕಪ್ಪು. ಎದುರು ಮನೆಯ ಲಕ್ಕವ್ವ ತನ್ನ ತಲೆಗೆಂದು ಬಚ್ಚಿಟ್ಟಿದ್ದ ಬಣ್ಣದ ಪಾಕೀಟು ತಂದಳು.

"ಅಯ್ಯ ಲಕ್ಕವ್ವಾ, ನಿನ್ನ ಕೂದ್ಲ ಖರೇನ ಕರಿ ಅದಾವಂತ ತಿಳಿದಿದ್ನಿ!" ಎಂದ ದುಂಡಪ್ಪ.

"ಬಾಯಿ ಮುಚ್ಚಿ ನಿನ್ನ ನಾಯಿ ಹಿಡಿ."

ಅವಳು ಎದುರಿಗೆ ಕೂತು, ತನ್ನ ಎಡಕ್ಕೆ ಕಂಡ ಕಿವಿಗೆ ಬಣ್ಣ ಬಳಿದಳು. ಅದು ನಾಯಿಯ ಬಲಗಿವಿ. ತೊಳೆದರೆ ಬೂದಿಯ ಬಣ್ಣಕ್ಕೆ ತಿರುಗಿತು. ಅದನ್ನು ಬಿಳಿ ಮಾಡಲು ಗೋಪಿಚಂದನದ ಪುಡಿ ಉಜ್ಜಿ, ಎಡಗಿವಿಗೆ ಬಣ್ಣ ಹಚ್ಚಿದಾಗ ನಾಯಿ ಮೈ ಜಾಡಿಸಿತು. ವಿಠ್ಠಲನ ಅಂಗಿ ಮಸಿ ಚೆಲ್ಲಿದ ಕಾಗದದಂತಾಯಿತು.

ಮೊದಲ ಫೋಟೋದಲ್ಲಿ ಬರೀ ಬಾಲ. ಎರಡನೆಯದರಲ್ಲಿ ಲಕ್ಕವ್ವನ ಸೆರಗು. ಮೂರನೆಯದರಲ್ಲಿ ದುಂಡಪ್ಪ ಮದುವೆ ಗಂಡಿನ ಹಾಗೆ ಮೀಸೆ ತಿರುವಿ ನಿಂತಿದ್ದ.

"ನೀ ಯಾಕ ಬರ್ತಿಯೋ ಮಾರಾಯಾ?"

"ನಾಯಿ ನಂದಲ್ಲೇನು?"

ಕೊನೆಗೆ ಯಶೋಧರಾಳೇ ನಿಟ್ಟುಸಿರು ಬಿಟ್ಟು ಒಂದು ಬಿಸ್ಕೀಟು ತಂದು ಫೋನಿನ ಮೇಲೆ ಹಿಡಿದಳು. ನಾಯಿ ಆಧಾರ್ ಕಾರ್ಡಿಗೆ ಕೂತವರಂತೆ ಕಿವಿ ನೆಟ್ಟಗೆ ಮಾಡಿ ನೇರ ನೋಡಿತು. ವಿಠ್ಠಲನ ಜನ್ಮದಲ್ಲೇ ಅಂಥ ಫೋಟೋ ಬಂದಿರಲಿಲ್ಲ. ಓಣಿಯವರೆಲ್ಲ ನೋಡಿ "ವಾಘ್ಯಾನ ಎದ್ದು ಬಂದಂಗ ಐತಿ" ಎಂದರು. ಕಳಿಸಿದ.

ಐದು ನಿಮಿಷಕ್ಕೆ ಫೋನು ಬಂತು.

"ಅಪ್ಪಾ, ಎಂಟ ವರ್ಷ ನಾ ಅದರ ಫೋಟೋ ತಗದೇನಿ. ಫೋನ್ ಎತ್ತಿದ್ರ ಸಾಕು ಮಾರಿ ತಿರಗಸ್ತಿತ್ತು. ಒಮ್ಮೆರೆ ನನ್ನ ಕಡೆ ನೋಡಿಲ್ಲ." ಮಗಳ ದನಿ ಒದ್ದೆಯಾಗಿತ್ತು. "ಖರೆ ಹೇಳು. ಯಾವತ್ತ ಹೋತು?"

"ಮಂಗಳವಾರ," ಎಂದವನಿಗೆ ಎರಡು ದಿನದಿಂದ ತಡೆದ ಅಳು ಒಮ್ಮೆಲೇ ಬಂತು. ಅತ್ತ ಕಡೆಯಿಂದ ಮಗಳೇ ಸಮಾಧಾನ ಮಾಡತೊಡಗಿದಳು. "ಅಳಬ್ಯಾಡಪ್ಪಾ. ಪೇಪರ್ ಛಲೋ ಬರೀತೀನಿ. ಎಲ್ಲಿ ಮಲಗಿಸಿಯೋ ಆ ಜಾಗಾದ ಫೋಟೋ ಕಳಸು, ಸಾಕು."

ವಿಠ್ಠಲ ಬಣ್ಣ ಸಿಡಿದ ಅಂಗಿಯಲ್ಲೇ ನದಿಯ ದಂಡೆಗೆ ಹೋದ. ಹಸಿ ಮಣ್ಣಿನ ಗುಡ್ಡೆ ಅಲ್ಲಾಡದೆ ಮಲಗಿತ್ತು. ಬಿಸ್ಕೀಟು ಬೇಕಿರಲಿಲ್ಲ, ಹಿಡಿದುಕೊಳ್ಳುವವರೂ ಬೇಕಿರಲಿಲ್ಲ. ಆದರೂ ತೆಗೆದ ಹನ್ನೊಂದು ಫೋಟೋಗಳಲ್ಲಿ ಒಂದೂ ನೆಟ್ಟಗೆ ಬರಲಿಲ್ಲ. ಎಲ್ಲವೂ ನಡುಗಿದ್ದವು.