ಬದುವಿನ ಮೇಲೊಂದು ಹಾರು ಒದೆ

ಕುಡುಕನನ್ನು ದೇವರ ಮುಂದೆ ಆಣೆ ಹಾಕಿಸಿ ಬಿಡಿಸಬಹುದು. ಇಸ್ಪೀಟಿನವನನ್ನು ಹೆಂಡತಿ ತವರಿಗೆ ಹೋಗುತ್ತೇನೆಂದು ಹೆದರಿಸಿ ಬಿಡಿಸಬಹುದು. ಕುಂಗ್‌ಫೂ ಸಿನಿಮಾದ ಹುಚ್ಚು ಹತ್ತಿದವನನ್ನು ಬಿಡಿಸುವ ಉಪಾಯ ಮಾತ್ರ ಇದುವರೆಗೆ ಯಾರಿಗೂ ಹೊಳೆದಿಲ್ಲ. ಹೊಳೆದಿದ್ದರೆ ಐವತ್ತು ದಾಟಿದ ನಾನು ಹೀಗೆ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು, ಎರಡು ದಿಂಬಿಗೆ ಒರಗಿ, ಮುಲುಗುತ್ತಾ ಇದನ್ನು ಬರೆಯುತ್ತಿರಲಿಲ್ಲ. ಬೆಲ್ಟು ಅಂದ ಕೂಡಲೇ ನೀವು ಗೌರವದಿಂದ ನೋಡಬೇಕಾಗಿಲ್ಲ. ಇದು ಮೂಳೆ ಡಾಕ್ಟರು ಬರೆದುಕೊಟ್ಟ ಬೆಲ್ಟು.

ನಾನು ಹಾಸನದ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ದಿನವಿಡೀ ತುಟಿಯ ಮೇಲೆ ಬೆರಳಿಟ್ಟು ‘ಶ್’ ಅನ್ನುವುದೇ ನನ್ನ ಉದ್ಯೋಗ. ಹಾಗೆ ಊರವರ ಮಕ್ಕಳ ಬಾಯಿ ಮುಚ್ಚಿಸಿ ಸಂಜೆ ಮನೆಗೆ ಬಂದರೆ, ಯಾರಾದರೂ ಗಂಟಲು ಹರಿಯುವಂತೆ ಕಿರುಚಿ ಇನ್ಯಾರಿಗಾದರೂ ಒದೆಯುವುದನ್ನು ನೋಡದ ಹೊರತು ನನಗೆ ಅನ್ನ ಇಳಿಯುವುದಿಲ್ಲ. ಚೀನಾದ್ದೋ, ಥಾಯ್ಲೆಂಡಿನದೋ, ತೆಲುಗಿಗೆ ಡಬ್ ಆದದ್ದೋ, ಭೇದವಿಲ್ಲ. ಕಥೆ ಹೇಗೂ ಒಂದೇ. ಬಿಳಿಗಡ್ಡದ ಗುರುವನ್ನು ಯಾರೋ ಕೊಲ್ಲುತ್ತಾರೆ, ಶಿಷ್ಯ ಬೆಟ್ಟ ಹತ್ತಿ ವರ್ಷಗಟ್ಟಲೆ ನೀರು ಹೊರುತ್ತಾನೆ, ಇಳಿದು ಬಂದು ಎಲ್ಲರನ್ನೂ ಚಚ್ಚುತ್ತಾನೆ. ನನಗೆ ತುಂಬ ಹಿಡಿಸುವುದು ಅದರೊಳಗಿನ ವೈರಿಗಳ ಶಿಸ್ತು. ಎಷ್ಟೇ ಜನ ಸುತ್ತುವರಿದಿದ್ದರೂ ಒಬ್ಬನಾದ ಮೇಲೊಬ್ಬ ಬಂದು ಏಟು ತಿಂದು ಬೀಳುತ್ತಾನೆ, ಉಳಿದವರು ನಿಂತಲ್ಲೇ ಕುಣಿಯುತ್ತಾ ತಮ್ಮ ಸರದಿ ಕಾಯುತ್ತಾರೆ. ಹಾಸನದ ಬಸ್ ಸ್ಟ್ಯಾಂಡಿಗೆ ಅರಕಲಗೂಡು ಬಸ್ಸು ಬಂದಾಗ ಇಂಥ ಶಿಸ್ತನ್ನು ನಾನು ಒಂದು ದಿನವೂ ಕಂಡಿಲ್ಲ. ಅವ್ವನೂ ಪಕ್ಕದಲ್ಲಿ ಕೂತು ನೋಡುತ್ತಾಳೆ, ಆದರೆ ಅವಳ ಚಿಂತೆಯೇ ಬೇರೆ. ಹೋಟೆಲಿನಲ್ಲಿ ಹೊಡೆದಾಟವಾಗಿ ಮೇಜು ಕುರ್ಚಿ ಪುಡಿಯಾದರೆ, “ಅಯ್ಯೋ, ಆ ಓಟ್ಲಿನೋನ್ ಗತಿ ಏನ್ಲಾ?” ಎಂದು ಮರುಗುತ್ತಾಳೆ. ಹೆಂಡತಿ ಸುಶೀಲಳದು ಒಂದೇ ಮಾತು: “ತುಂಬಿದ ಸಿಲಿಂಡರ್ ಎತ್ತೋಕಾಗಲ್ಲ, ಇವರಿಗೆ ಕುಂಗ್‌ಫೂ ಬೇರೆ ಕೇಡು.”

ಇರಲಿ, ಇಂಥ ಮಾತು ಕೇಳಿ ಕೇಳಿ ನನಗೆ ಅಭ್ಯಾಸವಾಗಿದೆ. ನನ್ನನ್ನು ಮಣ್ಣುಮುಕ್ಕಿಸಿದ್ದು ಬೇರೆ. ದಂಡಿಗನಹಳ್ಳಿ ಪಕ್ಕದ ನಮ್ಮೂರಿನಲ್ಲಿ ನನಗೊಂದು ಹೊಲ, ಅದಕ್ಕೆ ಅಂಟಿಕೊಂಡಂತೆ ಚಿಕ್ಕಪ್ಪನ ಮಗ ಪುಟ್ಟಸ್ವಾಮಿಯದೊಂದು ಹೊಲ. ನಡುವೆ ಒಂದು ಬದು. ನಮ್ಮ ಕಡೆ ಬದು ಅಂದರೆ ಗಿಡ ಇದ್ದ ಹಾಗೆ, ಒಂದೇ ಕಡೆ ನಿಲ್ಲುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ. ಊರಲ್ಲಿ ಇರುವವನು ಪ್ರತಿ ಮುಂಗಾರಿಗೂ ಊರಲ್ಲಿ ಇಲ್ಲದವನ ಕಡೆಗೆ ಒಂದು ಸಾಲು ಹೆಚ್ಚಾಗಿ ಉಳುತ್ತಾನೆ. ಇದನ್ನು ಕಳ್ಳತನ ಎಂದು ಯಾರೂ ಕರೆಯುವುದಿಲ್ಲ, ‘ನೇಗಿಲು ಸ್ವಲ್ಪ ಎಳೀತು’ ಅನ್ನುತ್ತಾರೆ. ಪುಟ್ಟಸ್ವಾಮಿಯ ನೇಗಿಲು ಹಾಗೆ ಎಳೆದೂ ಎಳೆದೂ, ನಮ್ಮ ಹೊಲದ ಒಳಗಿದ್ದ ಹಲಸಿನ ಮರದ ಬುಡಕ್ಕೇ ಬದು ಬಂದು ಕೂತಿತ್ತು. ಅದು ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ತನ್ನ ಕೈಯಾರೆ ನೆಟ್ಟ ಮರ. ಇನ್ನೊಂದು ಸಾಲು ಉತ್ತರೆ ಮರ ಆಚೆಗೆ. “ಯಾರ್ನೋ ಯಾರೋ ಬಡಿಯೋದ ದಿನಾ ಬಾಯಿ ಬುಟ್ಕೊಂಡ್ ನೋಡ್ತೀಯಲ್ಲ, ನನ್ ಮರ ಬುಡ್ಸಕ್ಕೆ ಆಗಾಕಿಲ್ವಾ ನಿನ್ ಕೈಲಿ? ನಿಂಗೆ ಮೀಸೆ ಬೇರೆ ಕೇಡು ಕಣ್ಲಾ!” ಎಂದು ಅವ್ವ ಉಗಿದ ಮೇಲೆ ಸರ್ವೆಗೆ ಅರ್ಜಿ ಹಾಕಿದೆ. ಅಳತೆಗೆ ದಿನವೂ ನಿಗದಿಯಾಯಿತು.

ಅಂದು ಬೆಳಿಗ್ಗೆ ಬಸ್ಸಿನಲ್ಲಿ ಉದ್ದಕ್ಕೂ ನಾನು ಅಭ್ಯಾಸ ಮಾಡಿದ್ದು ಒಂದು ನೋಟವನ್ನು. ಗುರುವಿನ ಹೆಣದ ಪಕ್ಕದಿಂದ ಎದ್ದ ಶಿಷ್ಯ ಕೊಲೆಗಾರನ ಕಡೆ ಬೀರುತ್ತಾನಲ್ಲ, ಅಂಥ ನೋಟ. ಹೊಲಕ್ಕೆ ಹೋದರೆ ಪುಟ್ಟಸ್ವಾಮಿ ಹಲಸಿನ ಮರದ ನೆರಳಲ್ಲೇ ಎಳನೀರು ಕೊಚ್ಚುತ್ತಾ ನಿಂತಿದ್ದ. ನೋಟ ಬೀರಿದೆ.

“ಕಣ್ಣಿಗೇನಾರ ಬಿತ್ತಾ ಅಣ್ಣಯ್ಯ?” ಎಂದು ಕೇಳಿ ಎಳನೀರು ಕೈಗಿಟ್ಟ.

“ಪುಟ್ಟಸ್ವಾಮಿ, ಇವತ್ತು ಬದು ಇತ್ಯರ್ಥ ಆಗ್ಲೇಬೇಕು.”

“ಆಗ್ಲಿ ಬುಡು, ಅಳೆಯಕ್ಕೆ ಯಾರ್ ಬ್ಯಾಡ ಅಂದೋರು? ಸರ್ವೆಯೋರು ಬರೋ ಗಂಟ ನಿನ್ನೊಂದು ಮಾತು ಕೇಳ್ಬೇಕು ಅಂತಿದ್ದೆ. ಆ ಪಿಚ್ಚರ್ನಾಗೆ ಗಾಳೀಲಿ ಹಾರಿ, ಒಂದು ಸುತ್ತು ತಿರುಗಿ ಒದೀತಾರಲ್ಲ, ಅದೆಲ್ಲ ಸೊಂಟಕ್ಕೆ ಅಗ್ಗ ಕಟ್ಟಿ ಎಳೆಯೋದಂತೆ? ದಿಟವಾಗಿ ಯಾರ ಕೈಲೂ ಆಗಾಕಿಲ್ವಂತೆ?”

ನೋಡಿ, ನನ್ನ ಹೊಲವನ್ನು ಒತ್ತಿಕೊಳ್ಳಿ, ಸಹಿಸುತ್ತೇನೆ. ನನ್ನ ಮೀಸೆಯನ್ನು ಆಡಿಕೊಳ್ಳಿ, ಅದನ್ನೂ ಸಹಿಸುತ್ತೇನೆ. ಹಾರು ಒದೆಗೆ ಹಗ್ಗ ಕಟ್ಟುತ್ತಾರೆ ಎಂದರೆ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಹಗ್ಗ ಕಟ್ಟುವವರು ಯಾರು, ಕಟ್ಟದವರು ಯಾರು, ಉಸಿರನ್ನು ಹೊಕ್ಕುಳಲ್ಲಿ ಹೇಗೆ ಹಿಡಿಯಬೇಕು, ಯಾವ ಹಿಮ್ಮಡಿ ಮೊದಲು ನೆಲ ಬಿಡಬೇಕು ಎಲ್ಲವನ್ನೂ ಬಿಡಿಸಿ ಹೇಳಿದೆ. ಪುಟ್ಟಸ್ವಾಮಿ ಭಕ್ತಿಯಿಂದ ಕೇಳಿ, “ಊಂ, ಬಾಯಲ್ಲಿ ಏಳಕ್ಕೇನು” ಎಂದುಬಿಟ್ಟ. ನಾನು ಚಪ್ಪಲಿ ಬಿಟ್ಟೆ. ಪ್ಯಾಂಟು ಮಡಚಿದೆ. ಬದುವಿನ ಮೇಲೆ ನಾಲ್ಕು ಹೆಜ್ಜೆ ಓಡಿ, ದಿನವೆಲ್ಲ ‘ಶ್’ ಅಂದ ಬಾಯಲ್ಲಿ ದನ ಬೆದರುವ ಹಾಗೆ ಕಿರುಚಿ, ಹಾರಿದೆ. ಹಾರಿದ್ದು ನಿಜ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ತಿರುಗಿದ್ದೂ ನಿಜ, ಆದರೆ ಸೊಂಟದ ಮೇಲಿನ ಭಾಗ ತಿರುಗಿತು, ಕೆಳಗಿನದು ಒಪ್ಪಲಿಲ್ಲ. ಒಳಗೆ ಎಲ್ಲೋ ಲಟಕ್ ಎಂದಿತು. ಬಿದ್ದದ್ದು ಅವನ ಹೊಲದಲ್ಲೋ ನನ್ನ ಹೊಲದಲ್ಲೋ ತಿಳಿಯಲಿಲ್ಲ, ಅದನ್ನು ಹೇಳಬೇಕಾದ ಸರ್ವೆಯವರು ಇನ್ನೂ ಬಂದಿರಲಿಲ್ಲ.

ಪುಟ್ಟಸ್ವಾಮಿ ಗಾಬರಿಬಿದ್ದು ನನ್ನನ್ನು ಮಗುವಿನ ಹಾಗೆ ಎತ್ತಿ ತನ್ನ ಗೂಡ್ಸ್ ಆಟೋದಲ್ಲಿ ಮಲಗಿಸಿದ. ಆ ಗಾಬರಿ ನಾಟಕವಲ್ಲ, ಅವನ ಕಣ್ಣಲ್ಲಿ ನೀರಿತ್ತು. ಊರ ಬಾಗಿಲಲ್ಲೇ ಬೈಕಿನಲ್ಲಿ ಸರ್ವೆಯವರು ಎದುರಾದರು. “ಸಾ, ಅರ್ಜಿ ಆಕಿದ್ದು ಇವರೇಯ, ಸೊಂಟ ಓಗ್ಬುಟ್ಟದೆ” ಎಂದ. ಅವರು ಒಳಗೆ ಇಣುಕಿ ನೋಡಿ, “ಅರ್ಜಿದಾರರೇ ಇಲ್ಲದಿದ್ರೆ ಅಳೆಯೋಕೆ ಬರಲ್ಲ. ಹುಷಾರಾದ ಮೇಲೆ ಮತ್ತೆ ಅರ್ಜಿ ಹಾಕಿ” ಎಂದು ಸಹಾನುಭೂತಿಯಿಂದ ಬೈಕು ತಿರುಗಿಸಿದರು. ನಾನು ಕೂಗಬೇಕೆಂದುಕೊಂಡೆ, ಬಾಯಿಂದ ಬಂದದ್ದು “ಅಮ್ಮಾ” ಒಂದೇ. ಚನ್ನರಾಯಪಟ್ಟಣದ ಡಾಕ್ಟರು ಹೇಗೆ ಬಿದ್ದಿರಿ ಎಂದು ಕೇಳಿದರು.

“ಬೀಳ್ಲಿಲ್ಲ ಸಾ, ಒದ್ರು,” ಎಂದ ಪುಟ್ಟಸ್ವಾಮಿ.

“ಯಾರನ್ನ?”

“ಯಾರ್ನೂ ಇಲ್ಲ ಸಾ.”

ಡಾಕ್ಟರು ನನ್ನ ವಯಸ್ಸನ್ನು ಎರಡನೇ ಸಲ ಕೇಳಿ ಬರೆದುಕೊಂಡರು. ಅಷ್ಟರಲ್ಲಿ ಅವ್ವನ ಫೋನು. ಪುಟ್ಟಸ್ವಾಮಿ ಎತ್ತಿ, “ದೊಡ್ಡವ್ವ, ಅಣ್ಣಯ್ಯಂಗೆ ಸೊಂಟಕ್ಕೆ ಪೆಟ್ಟಾಗ್ಬುಟ್ಟದೆ, ಆಸ್ಪತ್ರೇಲವ್ರೆ” ಎಂದ. ಅವ್ವನ ದನಿ ವಾರ್ಡಿಗೆಲ್ಲ ಕೇಳಿಸಿತು: “ಒಡದಾಡ್ಬುಟ್ನೇನ್ಲಾ ನನ್ ಮಗ? ಬದುವಿಗೋಸ್ಕರ ಒಡದಾಡ್ಬುಟ್ನಾ?” ಆ ದನಿಯಲ್ಲಿ ಹೆದರಿಕೆಗಿಂತ ಹಿಗ್ಗೇ ಹೆಚ್ಚಿತ್ತು. ನನ್ನ ಬಗ್ಗೆ ಅವ್ವ ಅಷ್ಟು ಹಿಗ್ಗಿದ್ದನ್ನು ನಾನು ಕೆಲಸ ಸಿಕ್ಕ ದಿನವೂ ಕೇಳಿರಲಿಲ್ಲ. ಪುಟ್ಟಸ್ವಾಮಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಬಸ್ಸಿನಲ್ಲಿ ಅಭ್ಯಾಸ ಮಾಡಿದ ನೋಟವಲ್ಲ, ದಮ್ಮಯ್ಯ ಎನ್ನುವ ನೋಟ.

“ಊಂ ದೊಡ್ಡವ್ವ,” ಎಂದ ಅವನು, “ಬೋ ಒಡದ್ರು. ಒಂದೊಂದ್ ಒದೇನೂ ಪಿಚ್ಚರ್ನಾಗೆ ಒದ್ದಂಗೇ.” ಫೋನು ಇಟ್ಟು ನನ್ನ ಹೊದಿಕೆ ಸರಿಮಾಡಿ, ಮೆಲ್ಲಗೆ, “ಇನ್ನು ಅರ್ಜಿ ಗಿರ್ಜಿ ಅಂತ ಓಡಾಡ್ಬ್ಯಾಡ ಅಣ್ಣಯ್ಯ, ಸೊಂಟ ಸರಿ ಓಗ್ಲಿ” ಎಂದ. ಅವನು ಹೇಳಿದ ಸುಳ್ಳಿನ ಬೆಲೆ ಏನೆಂದು ನನಗೆ ಅರ್ಥವಾಯಿತು. ಗೋಡೆಯ ಕಡೆ ಹೊರಳೋಣವೆಂದರೆ ಹೊರಳಲೂ ಆಗಲಿಲ್ಲ. ಸುರುಳಿ ಸುರುಳಿ ಸಿನಿಮಾ ನೋಡಿದ ನನಗೆ, ಒಂದೂ ಏಟು ಹೊಡೆಯದೆ ವೈರಿಯನ್ನು ಮಲಗಿಸುವ ವಿದ್ಯೆ ಯಾವ ಬೆಟ್ಟದ ಮೇಲೂ ಕಂಡಿರಲಿಲ್ಲ.

ಹದ ಮಳೆ ಬಿತ್ತು. ಪುಟ್ಟಸ್ವಾಮಿಯ ನೇಗಿಲು ಸ್ವಲ್ಪ ಎಳೆಯಿತು. ಮರ ಆಚೆಗೆ ಹೋಯಿತು. ಸುದ್ದಿ ಕೇಳಿ ಅವ್ವ ಅಳುತ್ತಾಳೆಂದು ನಾನು ಕಾದಿದ್ದರೆ, “ಓದ್ರೆ ಓಗ್ಲಿ ಬುಡು, ಒಡದ್ಯಲ್ಲ, ಅಷ್ಟು ಸಾಕು” ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡು ನನ್ನ ತಟ್ಟೆಗೆ ಇನ್ನೊಂದು ಸೌಟು ಮಾಂಸದ ಸಾರು ಹಾಕಿದಳು. ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ. ಬಾಯಿ ಮುಚ್ಚಿಸುವ ಉದ್ಯೋಗದವನಿಗೆ ಅದೇನು ಕಷ್ಟವಲ್ಲ.

ನಿನ್ನೆ ಪುಟ್ಟಸ್ವಾಮಿ ಯಾರದೋ ಕೈಲಿ ಒಂದು ಹಲಸಿನ ಹಣ್ಣು ಕಳಿಸಿದ್ದ. ಅದೇ ಮರದ್ದು. ಅವ್ವ ಕೈಗೆ ಎಣ್ಣೆ ಸವರಿಕೊಂಡು ಒಂದೊಂದೇ ತೊಳೆ ಬಿಡಿಸಿ ನನ್ನ ಬಾಯಿಗಿಡುತ್ತಾ, “ನೋಡ್ದಾ, ಎದ್ರಿಕೊಂಡು ಕಳ್ಸವ್ನೆ” ಎಂದಳು. ಹೂಂ ಅವ್ವ, ಎಂದೆ. ಯಾರು ಯಾರಿಗೆ ಹೆದರಿದ್ದಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಣ್ಣು ಬಹಳ ಸಿಹಿಯಾಗಿತ್ತು.