ದವಡೆಯಲ್ಲೊಂದು ತಿರುಪು

ಕಟಕ್!

ಆ ಕಾಲದ ಸದ್ದುಗಳಲ್ಲಿ ನನಗೆ ಚೆನ್ನಾಗಿ ನೆನಪಿರುವುದರಲ್ಲಿ ಇದೂ ಒಂದು. ಅರಸೀಕೆರೆಯ ನಮ್ಮ ಮನೆಯಲ್ಲಿ ಸಂಜೆ ಕಾಫಿಗೆ ಮುಂಚೆ ಯಜಮಾನರು ಒಣ ಕೊಬ್ಬರಿ ಕಡಿಯುವ ಸದ್ದು. ಎಪ್ಪತ್ತರ ಹತ್ತಿರದ ಮನುಷ್ಯ, ಒಂದು ಹಲ್ಲೂ ಅಲುಗಿರಲಿಲ್ಲ! ಎದುರಿಗೆ ನಾನು, ಬಲಗೆನ್ನೆ ಹಿಡಿದುಕೊಂಡು ಕಾಫಿಯಲ್ಲಿ ರಸ್ಕ್ ಅದ್ದುತ್ತಿದ್ದೆ.

ಹಲ್ಲಿನ ಡಾಕ್ಟರ್ ಕವಿತಾ ನಮ್ಮ ಬೀದಿಯ ಕೊನೆಯಲ್ಲೇ ಕ್ಲಿನಿಕ್ ಇಟ್ಟಿದ್ದಳು. ಚಿಕ್ಕ ವಯಸ್ಸು, ಮೆತ್ತಗಿನ ಮಾತು. ಮೆತ್ತಗೆ ಮಾತಾಡುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ಮಾಮೂಲಿ ಎಕ್ಸ್‌-ರೇ ನೋಡಿ ಅವಳು, "ಬುದ್ಧಿಹಲ್ಲು ಒಳಗೇ ಅಡ್ಡ ಮಲಗಿದೆ ಆಂಟಿ. ಬೇರು ನರದ ಮೇಲೇ ಕೂತ ಹಾಗೆ ಕಾಣ್ತಿದೆ. ಮುಟ್ಟಿಕೊಂಡಿದೆಯೋ, ಪಕ್ಕಕ್ಕಿದೆಯೋ ಇದ್ರಲ್ಲಿ ಗೊತ್ತಾಗಲ್ಲ. ಹಾಗೇ ಕಿತ್ತು ನರಕ್ಕೆ ಪೆಟ್ಟಾದ್ರೆ ತುಟಿ ಮರಗಟ್ಟಬಹುದು. ಬೆಂಗಳೂರಲ್ಲಿ ತ್ರೀ-ಡಿ ಎಕ್ಸ್‌-ರೇ ಬಂದಿದೆ, ತೆಗೆಸ್ಕೊಂಡು ಬನ್ನಿ," ಎಂದಳು.

ತುಟಿ! ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ತಂದ ತುಟಿ! ಅದು ಮರಗಟ್ಟಿ, ಕಾಫಿ ಗಲ್ಲದ ಮೇಲೆ ಸೋರುವ ದೃಶ್ಯ ಕಣ್ಣಮುಂದೆ ಬಂತು. ಆದರೂ ಅನುಮಾನ ಬಿಡಬೇಕಲ್ಲ.

"ಅದು ಸೇಫಾ?"

"ಸೇಫೇ ಆಂಟಿ. ಬೀಳೋ ರೇಡಿಯೇಷನ್ ಕಮ್ಮಿ."

"ಹಾಗಾದ್ರೆ ಎಲ್ಲಾ ಹಲ್ಲಿಗೂ ಒಟ್ಟಿಗೆ ತೆಗೆಸಿಬಿಡು. ಇವರದ್ದೂ ಸೇರಿಸು."

"ಬೇಡ. ಆ ಜಾಗಕ್ಕೆ ಮಾತ್ರ. ಸುಮ್‌ಸುಮ್ನೆ ತೆಗೆಯೋ ಹಾಗಿಲ್ಲ."

"ಸೇಫ್ ಅಂದ್ಮೇಲೆ ಯಾಕೆ ಬೇಡ? ಬೇಡ ಅಂದ್ಮೇಲೆ ಹೆಂಗೆ ಸೇಫು?"

ಸಿಕ್ಕಿಬಿದ್ದಳು ಎಂದುಕೊಂಡೆ. ಕವಿತಾ ನಕ್ಕಳು. "ಬೇಲೂರು ಬಸ್ ಹತ್ತೋದು ಡೇಂಜರ್ ಅಲ್ಲ. ಹಾಗಂತ ಕೆಲ್ಸ ಇಲ್ದೆ ದಿನಾ ಹತ್ತಿ ಇಳೀತೀರಾ?"

"ಇವಳು ಹತ್ತಿ ಇಳಿದಾಳು. ಅಲ್ಲಿ ಇವಳ ತಂಗಿ ಇದ್ದಾಳೆ," ಎಂದರು ಯಜಮಾನರು.

ಅಂತೂ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಯಜಮಾನರು ಹೊರಗೆ ಕೂತರು. ಒಳಗಿದ್ದ ಹುಡುಗಿ ಒಂದು ಟ್ರೇ ಹಿಡಿದು, "ಮೇಡಂ, ತಲೆಪಿನ್ನು, ಓಲೆ, ಮೂಗುತಿ ಎಲ್ಲಾ ತೆಗೆದಿಡಿ. ಲೋಹ ಇದ್ರೆ ಫೋಟೋ ಕೆಡುತ್ತೆ," ಎಂದಳು.

"ಮುತ್ತೈದೆ ಮೂಗುತಿ ತೆಗೆಯೋದಾ? ನಮ್ಮವರು ಹೊರಗೆ ಗುಂಡುಕಲ್ಲಿನ ಹಾಗೆ ಕೂತಿದ್ದಾರೆ!"

"ಒಂದು ನಿಮಿಷಕ್ಕೆ ಮೇಡಂ."

ಒಂದು ನಿಮಿಷ! ವಜ್ರ ಮಾಯವಾಗಲು ಅರ್ಧ ನಿಮಿಷ ಸಾಕು. ಓಲೆ ಹೋದರೆ ಹೋಗಲಿ ಎಂದು ಟ್ರೇಗೆ ಹಾಕಿದೆ. ಮೂಗುತಿ ಅಮ್ಮ ಕೊಟ್ಟಿದ್ದು. ಮೂಗಿನಿಂದ ತೆಗೆದರೂ ಮೈಯಿಂದ ದೂರವಾಗಬಾರದು. ಹುಡುಗಿ ಆ ಕಡೆ ತಿರುಗಿದ್ದೇ ತಡ, ಬಾಯಿಗೆ ಹಾಕಿಕೊಂಡೆ. ಅದೂ ಬಲಗಡೆಗೇ. ನೋಯುವ ಕಡೆ ನಾಲಿಗೆ ಸುಳಿಯುವುದಿಲ್ಲ, ನುಂಗುವ ಭಯವಿಲ್ಲ. ಕಾಮನ್ ಸೆನ್ಸ್!

ಗಲ್ಲ ಊರಿಸಿ, ಹಲ್ಲಿಗೊಂದು ಕಡ್ಡಿ ಕಚ್ಚಿಸಿ, "ಅಲುಗಾಡಬೇಡಿ" ಎಂದವಳೇ ಹುಡುಗಿ ಹೊರಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟು ಸೇಫಾದರೆ ಇವಳೇಕೆ ಓಡಿದಳು? ಕೇಳೋಣವೆಂದರೆ ಬಾಯಲ್ಲಿ ಕಡ್ಡಿ, ಕಡ್ಡಿಯ ಹಿಂದೆ ಮೂಗುತಿ. ಮೆಷಿನ್ನು ಗುಂಯ್ ಎನ್ನುತ್ತಾ ನನ್ನ ತಲೆಗೊಂದು ಪ್ರದಕ್ಷಿಣೆ ಹಾಕಿತು. ನಮಸ್ಕಾರ ಒಂದು ಬಾಕಿ!

ಮರುದಿನ ಕವಿತಾ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದಳು. ಮುಖ ಗಂಭೀರವಾಯಿತು. ಪರದೆಯ ಮೇಲೆ ನನ್ನ ದವಡೆ. ಅದರಲ್ಲೊಂದು ಉರಿಯುವ ನಕ್ಷತ್ರ, ಸುತ್ತಲೂ ಬಿಳೀ ಗೆರೆಗಳು.

"ಗೆಡ್ಡೇನಮ್ಮಾ?" ಯಜಮಾನರು ಪರದೆಯ ಹತ್ತಿರಕ್ಕೆ ಬಗ್ಗಿದರು.

"ಅಲ್ಲ ಅಂಕಲ್, ಲೋಹ. ಇಲ್ಲಿ ತಿರುಪಿನ ಹಾಗೆ ಕಾಣ್ತಿದೆ. ಆಂಟಿ, ದವಡೆಗೆ ಯಾರಾದ್ರೂ ಸ್ಕ್ರೂ ಹಾಕಿದ್ರಾ?"

"ನೋಡಿದ್ರಾ!" ನಾನು ಎದ್ದು ನಿಂತೆ. "ಆ ಹುಡುಗಿ ಬಾಗಿಲು ಹಾಕ್ಕೊಂಡಾಗಲೇ ನನಗೆ ಡೌಟ್ ಬಂತು! ದಿಸ್ ಈಸ್ ಅ ಕ್ರೈಮ್! ನನಗೆ ಗೊತ್ತಿಲ್ಲದೆ ತಿರುಪು ಕೂರಿಸಿದ್ದಾರೆ! ಪೊಲೀಸಿಗೆ ಫೋನ್ ಮಾಡ್ರೀ!"

ಯಜಮಾನರು ಮೊಬೈಲ್ ತೆಗೆದರು. ಕವಿತಾ ಮಾತ್ರ ನನ್ನ ಮೂಗನ್ನೇ ನೋಡುತ್ತಿದ್ದಳು. ಆಮೇಲೆ ಪರದೆಯನ್ನು. ಮತ್ತೆ ಮೂಗನ್ನು.

"ಆಂಟಿ... ನಿಮ್ಮ ಮೂಗುತಿಗೆ ತಿರುಪಿದೆಯಾ?"

ನಾನು ಕುಳಿತೆ.

"ಎರಡನೇ ಸಲ ತೆಗೆಸೋಕೆ ನನಗಿಷ್ಟ ಇಲ್ಲ," ಎಂದಳು, ಅದೇ ಮೆತ್ತಗಿನ ದನಿಯಲ್ಲಿ. "ಆದ್ರೆ ನೋಡ್ಬೇಕಾದ ನರಾನೇ ಗೆರೆಗಳಲ್ಲಿ ಮುಚ್ಚಿಹೋಗಿದೆ. ಹೋಗ್ಲೇಬೇಕು. ಚೀಟಿಗೆ ಕಾರಣ ಏನಂತ ಬರೀಲಿ?"

"ಮೂಗುತಿ ಅಂತಲೇ ಬರಿಯಮ್ಮ," ಎಂದರು ಯಜಮಾನರು.

ಎರಡನೆಯ ಸಲ ಮೂಗುತಿ ಅವರ ಮುಷ್ಟಿಯಲ್ಲಿತ್ತು. "ಒಳಗೆ ಹೋಗು ಮಾರಾಯ್ತಿ. ನಾನು ಬದುಕಿದೀನಿ ಅಂತ ಗೊತ್ತಾಗಲಿ, ಹೊರಗೆ ಕೆಮ್ಮುತ್ತಿರ್ತೀನಿ," ಎಂದರು. ಮೆಷಿನ್ನು ಸುತ್ತುವಷ್ಟು ಹೊತ್ತೂ ಬಾಗಿಲಾಚೆ ಕೆಮ್ಮಿದರು. ಆ ಕೆಮ್ಮು ಈಗಲೂ ಒಮ್ಮೊಮ್ಮೆ ಕೇಳಿಸಿದಂತಾಗುತ್ತದೆ.

ನರ ಬೇರಿನ ಪಕ್ಕಕ್ಕಿತ್ತು. ಎಲ್ಲಿದೆಯೆಂದು ಗೊತ್ತಾದ ಮೇಲೆ ಕವಿತಾ ಹಲ್ಲನ್ನು ಎರಡು ತುಂಡು ಮಾಡಿ ತೆಗೆದಳು. ತುಟಿ ಉಳಿಯಿತು. ಕಾಫಿ ಸೋರಲಿಲ್ಲ.

ಮುಂದಿನ ವರ್ಷ ಬೇಲೂರಿನ ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಬರುತ್ತಿದ್ದೆ. ಎರಡು ಕೈಯಲ್ಲೂ ಹಣ್ಣು, ತೆಂಗಿನಕಾಯಿ. ಎದುರಿಗೆ ಕವಿತಾ! ಕ್ಲಿನಿಕ್ ಮುಚ್ಚಿ ಗಂಡನ ಊರಿಗೆ ಹೊರಟಿದ್ದಳು, ಅದಕ್ಕೇ ದೇವರ ದರ್ಶನಕ್ಕೆ ಬಂದಿದ್ದಾಳಂತೆ.

"ಚೆನ್ನಾಗಿದೀರಾ ಆಂಟಿ? ತುಟಿ ಹೇಗಿದೆ?"

ಉತ್ತರ ಕೊಡಲು ಬಾಯಿ ತೆರೆಯುವಂತಿರಲಿಲ್ಲ. ನಾನು ಹೂಂಗುಟ್ಟಿದೆ. ಅವಳು ಒಂದು ಕ್ಷಣ ನನ್ನ ಕೆನ್ನೆ ನೋಡಿದಳು. ಆಮೇಲೆ ಅಂಗೈ ಚಾಚಿದಳು.

ಎಲೊಕ್ಯೂಷನ್ ಪ್ರೈಜಿನ ತುಟಿ ತೆರೆದು, ಚಪ್ಪಲಿಯ ತಗಡಿನ ಟೋಕನ್ನನ್ನು ಅವಳ ಅಂಗೈಗೆ ಉಗಿದೆ. ನಾನು ಅವಳನ್ನು ನೋಡಿದ್ದು ಅದೇ ಕೊನೆ.